ಕೊನೆಯ ಕಾಲು ಸುತ್ತು

ಆ ನೀಲಿ ಬಾಡಿಗೆ ಕಾರು ಮೂರನೆಯ ಸಲ ಶೆಡ್ಡಿನ ಮುಂದೆ ಬಂದು ನಿಂತಾಗ, ಅಪ್ಪನ ಜೊತೆ ಅಲ್ಲಿ ಮೆಕ್ಯಾನಿಕ್ ಕೆಲಸ ಮಾಡುವ ಅವಳ ಎದೆ ಧಸಕ್ಕೆಂದಿತು. ಬಿರುಬಿಸಿಲಿನಲ್ಲಿ ಕಾರಿನ ನಾಲ್ಕೂ ಗಾಜು ಕೆಳಗಿಳಿದಿದ್ದವು. ಕಾರಿನ ಏಸಿ ರಿಪೇರಿ ಮಾಡಿ ಹೊಟ್ಟೆ ಹೊರೆಯುವವರಿಗೆ ಅದಕ್ಕಿಂತ ದೊಡ್ಡ ದೂರು ಬೇಕಿಲ್ಲ, ಬಾಯಿ ಬಿಟ್ಟು ಯಾರೂ ಏನೂ ಹೇಳಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ತಲೆಯ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ತನ್ನ ಕೈಕಾಲಿಗೆ ತಾನೇ ನೀರು ಹೊಡೆದುಕೊಳ್ಳುತ್ತಿದ್ದಳು.

ಡ್ರೈವರ್ ಕೂಗಾಡುತ್ತಾನೆ ಎಂದು ಶೆಡ್ಡಿನ ಬಾಗಿಲಲ್ಲಿ ಅವಳು ಕಾದಳು. ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಮಗಳನ್ನು ಎತ್ತಿಕೊಂಡು ಸೀದಾ ಶೆಡ್ಡಿನ ಮೂಲೆಯ ಗಾಜಿನ ಕೋಣೆಗೆ ಹೋದ. ಗೋಡೆಯ ಏಸಿಯ ಕೆಳಗಿದ್ದ ಬೆಂಚಿನ ಮೇಲೆ ಮಗುವನ್ನು ಮಲಗಿಸಿ, ಬಾಗಿಲು ಸರಿಯಾಗಿ ಹಾಕಿದೆಯೋ ಎಂದು ಎರಡು ಸಲ ನೋಡಿ, ಆಮೇಲೆ ಹೊರಗೆ ಬಂದು ಹೇಳಿದ. ಗ್ಯಾಸು ತುಂಬಿಸಿಕೊಂಡು ಹೋಗಿ ಹನ್ನೊಂದು ದಿನವಾಗಿತ್ತು. ನಿನ್ನೆ ಮಧ್ಯಾಹ್ನ ಶಾಲೆಯಿಂದ ಕರೆದುಕೊಂಡು ಬರುವಾಗ ಟ್ರಾಫಿಕ್ಕಿನಲ್ಲಿ ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡಿದ್ದರು. ಏಸಿ ಬಿಸಿಗಾಳಿ ಊದಲು ಶುರುಮಾಡಿತು. ಮನೆ ಮುಟ್ಟುವಷ್ಟರಲ್ಲಿ ಮಗುವಿಗೆ ನೂರಮೂರು ಜ್ವರ.

ಆ ಹುಡುಗಿಗೆ ಬೆವರು ಬರುವುದಿಲ್ಲ. ಹುಟ್ಟುವಾಗಲೇ ಅವಳ ಮೈಯಲ್ಲಿ ಬೆವರು ಹೊರಹಾಕುವ ವ್ಯವಸ್ಥೆಯೇ ಇರಲಿಲ್ಲವಂತೆ. ಕೂದಲು ತೆಳು, ಬಾಯಲ್ಲಿ ನಾಲ್ಕೈದು ಚೂಪು ಹಲ್ಲು ಅಷ್ಟೆ, ಬಿಸ್ಕತ್ತನ್ನು ನೀರಿನಲ್ಲಿ ಅದ್ದಿ ತಿನ್ನಬೇಕು. ನಾವು ನೀವೆಲ್ಲ ಬೆವರಿದಾಗ ಥೂ ಎಂದು ಬೈದುಕೊಳ್ಳುತ್ತೇವೆ. ಈ ಮಗುವಿನ ಅಪ್ಪ ಅಮ್ಮನನ್ನು ಕೇಳಿದರೆ ಅದೆಷ್ಟು ದೊಡ್ಡ ವರ ಎಂದು ಹೇಳಿಯಾರು. ಬಿಸಿಲಿನಲ್ಲಿ ಅವಳ ಮೈ ತಗಡಿನ ಹಾಗೆ ಕಾಯುತ್ತಾ ಹೋಗುತ್ತದೆ, ತಾನಾಗಿ ಆರುವುದೇ ಇಲ್ಲ. ಆದ್ದರಿಂದ ಆ ಕಾರಿನ ಏಸಿ ಅವರ ಪಾಲಿಗೆ ಶೋಕಿಯ ಮಾತಾಗಿರಲಿಲ್ಲ.

"ನಾಳೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಅಕ್ಕಾ," ಎಂದ ಡ್ರೈವರ್. "ಏಳು ತಿಂಗಳು ಕಾದು ಸಿಕ್ಕಿರೋ ದಿನ. ಆರು ಗಂಟೆ ದಾರಿ. ಹೋಗುವಾಗ ಬೆಳಗಿನ ಜಾವಾನೇ ಹೊರಟುಬಿಡಬಹುದು. ಬರುವಾಗ ಮಟಮಟ ಮಧ್ಯಾಹ್ನ."

ಅವಳು ತಲೆಯಾಡಿಸಿದಳು. ಮೊದಲ ಸಲ ಈ ಕಾರು ಬಂದಾಗ ಅಪ್ಪ ಇದರ ಒಡೆದ ರಬ್ಬರ್ ಪೈಪು ಬದಲಾಯಿಸಿ ಕಳಿಸಿದ್ದ. ಎರಡನೆಯ ಸಲ ಬಂದಾಗ ಅವಳೇ ನೋಡಿ, ಕಂಪ್ರೆಸರಿನ ಮೂತಿಯಲ್ಲಿ ಎಣ್ಣೆಯ ಪಸೆ ಕಂಡು, ಅಲ್ಲಿನ ಸೀಲು ಹೊಸದು ಹಾಕಿ, ಇನ್ನು ನೀವು ನಿಶ್ಚಿಂತೆಯಿಂದಿರಿ ಎಂದು ದೊಡ್ಡ ಮಾತಾಡಿದ್ದಳು. ಆ ನಿಶ್ಚಿಂತೆ ಹನ್ನೊಂದು ದಿನ ಬಾಳಿತ್ತು.

ಅಷ್ಟರಲ್ಲಿ ಅಪ್ಪ ಕೈ ಒರೆಸಿಕೊಳ್ಳುತ್ತಾ ಬಂದ. ಆ ಬೀದಿಯ ಗ್ಯಾರೇಜುಗಳಲ್ಲಿ ಅಪ್ಪನಿಗೆ ಗಟ್ಟಿಕೈ ಯಜಮಾನ್ರು ಎಂದು ಹೆಸರು. ಮೂವತ್ತೆಂಟು ವರ್ಷದಲ್ಲಿ ಅಪ್ಪ ಬಿಗಿ ಮಾಡಿದ ಒಂದು ಜಾಯಿಂಟೂ ಸೋರಿದ್ದಿಲ್ಲ ಎಂಬುದು ಅಲ್ಲಿನವರ ಮಾತು. ಬೇರೆ ಶೆಡ್ಡಿನವರು ಕೂಡ ಜಗಳ ಬಂದಾಗ, ಇದೇನು ಗಟ್ಟಿಕೈ ಯಜಮಾನ್ರು ಹಾಕಿದ ನಟ್ಟೇನಯ್ಯ, ಎಂದು ಒಬ್ಬರನ್ನೊಬ್ಬರು ಹಂಗಿಸುತ್ತಿದ್ದರು. ಆ ಹೆಸರು ಕೇಳಿದಾಗೆಲ್ಲ ಅಪ್ಪ ಕೇಳಿಸದವನ ಹಾಗೆ ಇರುತ್ತಿದ್ದ, ಆದರೆ ಒಳಗೊಳಗೇ ಹಿಗ್ಗುತ್ತಿದ್ದುದು ಅವನ ಮೀಸೆಯಲ್ಲೇ ಗೊತ್ತಾಗುತ್ತಿತ್ತು.

ಎರಡು ವರ್ಷದಿಂದ ಆ ಗಟ್ಟಿ ಕೈ ನಡುಗುತ್ತಿತ್ತು. ಚಹಾದ ಲೋಟವನ್ನು ಅವನು ಅರ್ಧಕ್ಕಿಂತ ಹೆಚ್ಚು ತುಂಬಿಸಿಕೊಳ್ಳುವುದನ್ನು ಬಿಟ್ಟಿದ್ದ. ಅದರ ಬಗ್ಗೆ ಮನೆಯಲ್ಲಾಗಲಿ ಶೆಡ್ಡಿನಲ್ಲಾಗಲಿ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಗಳು ಮಾತ್ರ ತನ್ನದೇ ಒಂದು ದಾರಿ ಹುಡುಕಿಕೊಂಡಿದ್ದಳು. ಸಂಜೆ ಅಪ್ಪ ಹಿತ್ತಿಲ ನಲ್ಲಿಯ ಹತ್ತಿರ ಕೈ ತೊಳೆಯಲು ಹೋದೊಡನೆ ಅವಳು ಸ್ಪ್ಯಾನರ್ ಹಿಡಿದು, ಆ ದಿನ ಅಪ್ಪ ಹಾಕಿದ ಪ್ರತಿಯೊಂದು ಜಾಯಿಂಟನ್ನೂ ಇನ್ನೊಂದು ಸಲ ತಿರುಗಿಸಿ ನೋಡುತ್ತಿದ್ದಳು. ಹೆಚ್ಚುಕಡಿಮೆ ಎಲ್ಲವೂ ಇನ್ನೂ ಕಾಲು ಸುತ್ತು ತಿರುಗುತ್ತಿದ್ದವು. ಅಪ್ಪನ ಕೈಯ ಬಲ ಇಷ್ಟು ಕಡಿಮೆಯಾಯಿತಲ್ಲ ಎಂದು ಪ್ರತಿ ಸಲವೂ ಅವಳು ನೊಂದುಕೊಳ್ಳುತ್ತಿದ್ದಳು. ಬಿಗಿ ಮಾಡಿ, ಸ್ಪ್ಯಾನರನ್ನು ಜಾಗಕ್ಕಿಟ್ಟು, ಏನೂ ಅರಿಯದವಳ ಹಾಗೆ ಚಹಾ ಕಾಯಿಸಲು ಹೋಗುತ್ತಿದ್ದಳು. ಅಪ್ಪನ ಮಾನವನ್ನು ತಾನು ಅವನಿಗೆ ಗೊತ್ತಾಗದ ಹಾಗೆ ಕಾಯುತ್ತಿದ್ದೇನೆ ಎಂಬ ಸಣ್ಣ ಜಂಬವೂ ಅವಳಿಗಿತ್ತು, ಸುಳ್ಳು ಯಾಕೆ ಹೇಳಬೇಕು.

ಈಗ ಜಂಬಕ್ಕೆಲ್ಲ ಹೊತ್ತಿರಲಿಲ್ಲ. ಗೇಜ್ ಹಾಕಿ ನೋಡಿದಳು. ಮುಳ್ಳು ತಳ ಹಿಡಿದು ಕೂತಿತ್ತು. ಪೈಪಿನಲ್ಲಿ ಗ್ಯಾಸೇ ಉಳಿದಿರಲಿಲ್ಲ. ಇನ್ನೊಂದು ಸಲ ತುಂಬಿ ಕಳಿಸುವುದು ಅರ್ಧ ಗಂಟೆಯ ಕೆಲಸ, ನಾಳೆಯ ಪ್ರಯಾಣಕ್ಕೆ ಬಹುಶಃ ಸಾಕೂ ಆಗುತ್ತಿತ್ತು. ಆ ಬಹುಶಃ ಎಂಬ ಮಾತನ್ನು ಅವಳು ಗಾಜಿನ ಕೋಣೆಯ ಕಡೆ ನೋಡಿದ ಕೂಡಲೇ ನುಂಗಿಕೊಂಡಳು. ಹನ್ನೊಂದು ದಿನದಲ್ಲಿ ಹೋಗುವ ಗ್ಯಾಸು ಬಿಸಿಲಿನ ದಾರಿಯಲ್ಲಿ ಮೂರು ಗಂಟೆಯಲ್ಲೂ ಹೋಗಬಹುದು.

ಸ್ವಲ್ಪ ಗ್ಯಾಸು ಬಿಟ್ಟು, ಅದರ ಹಿಂದೆ ನೈಟ್ರೋಜನ್ ತುಂಬಿ ಒತ್ತಡ ಏರಿಸಿದಳು. ಸೋಪಿನ ನೀರನ್ನು ಬ್ರಷ್ಷಿನಿಂದ ಕಂಪ್ರೆಸರಿಗೆ ಬಳಿದಳು, ಮುಂದಿನ ಜಾಲರಿಗೆ ಬಳಿದಳು, ತಾನು ಹಾಕಿದ ಪ್ರತಿಯೊಂದು ಜಾಯಿಂಟಿಗೂ ಬಳಿದು ಟಾರ್ಚು ಹಿಡಿದು ಕೂತಳು. ಸೋರುವಲ್ಲಿ ಏಳಬೇಕಾದ ಗುಳ್ಳೆ ಒಂದೂ ಏಳಲಿಲ್ಲ. ಒಂದು ಗುಳ್ಳೆಗೋಸ್ಕರ ಮನುಷ್ಯರು ಇಷ್ಟು ಹಂಬಲಿಸಬಹುದು ಎಂದು ಈ ಕಸುಬಿಗೆ ಬರುವ ಮೊದಲು ಅವಳಿಗೆ ಗೊತ್ತಿರಲಿಲ್ಲ. ಗೇಜಿನ ಮುಳ್ಳು ಮಾತ್ರ ಗಂಟೆಗೊಂದು ಕೂದಲೆಳೆಯಷ್ಟು ಕೆಳಗೆ ಜಾರುತ್ತಲೇ ಇತ್ತು. ಎಲ್ಲೋ ಸೋರುತ್ತಿದೆ, ಆದರೆ ಎಲ್ಲಿ ಎಂದು ಹೇಳುತ್ತಿಲ್ಲ.

ಶೆಡ್ಡಿನಲ್ಲಿ ಗ್ಯಾಸು ಮೂಸುವ ಒಂದು ಯಂತ್ರವಿತ್ತು. ಮೂಗು ಚಾಚಿಕೊಂಡು ಹೋಗಿ, ವಾಸನೆ ಸಿಕ್ಕರೆ ಕುಂಯ್ ಕುಂಯ್ ಎನ್ನುವುದರಿಂದ ಅದಕ್ಕೆ ಅವರಿಬ್ಬರೂ ನಾಯಿಮರಿ ಎನ್ನುತ್ತಿದ್ದರು. ಅವಳು ಫ್ಯಾನುಗಳನ್ನೆಲ್ಲ ನಿಲ್ಲಿಸಿ, ನಾಯಿಮರಿಯನ್ನು ಕಾರಿನ ಮೈಮೇಲೆಲ್ಲ ಆಡಿಸಿದಳು. ಅದು ಬಾಯಿಗೆ ಬೀಗ ಹಾಕಿಕೊಂಡಿತ್ತು. ಸೆಕೆಯಲ್ಲಿ ಅವಳ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅದನ್ನು ತೋಳಿನಿಂದ ಒರೆಸಿಕೊಳ್ಳುವಾಗ ಕೋಣೆಯೊಳಗಿನ ಮಗುವಿನ ನೆನಪಾಗಿ ಅವಳಿಗೆ ಯಾಕೋ ನಾಚಿಕೆಯಾಯಿತು.

"ಕೂಲಿಂಗ್ ಕಾಯಿಲ್ ಇರ್ಬೇಕು," ಎಂದ ಅಪ್ಪ.

ಆ ಮಾತನ್ನೇ ಅವಳು ಬೆಳಗಿನಿಂದ ಹೆದರಿಕೊಂಡು ದೂರ ಇಟ್ಟಿದ್ದಳು. ಕೂಲಿಂಗ್ ಕಾಯಿಲ್ ಕೂತಿರುವುದು ಡ್ಯಾಶ್‌ಬೋರ್ಡಿನ ಹಿಂದೆ, ಹೊಟ್ಟೆಯೊಳಗೆ. ಅದನ್ನು ಮುಟ್ಟಬೇಕೆಂದರೆ ಸ್ಟಿಯರಿಂಗಿನಿಂದ ಹಿಡಿದು ಎಲ್ಲವನ್ನೂ ಕಳಚಿ ನೆಲದ ಮೇಲೆ ಹರಡಬೇಕು. ಎರಡು ದಿನದ ಕೆಲಸ. ನಾಳೆ ಎಂಬುದು ಅಲ್ಲಿಗೆ ಮುಗಿಯಿತು. ಡ್ರೈವರ್ ಆ ಮಾತು ಕೇಳಿಸಿಕೊಂಡು ಗೋಡೆಗೆ ಒರಗಿದ.

ಬೇರೆ ಗಾಡಿ ಸಿಗುವುದಿಲ್ಲವೇ ಎಂದು ಅವಳು ಮೆತ್ತಗೆ ಕೇಳಿದಳು. ಗೊತ್ತಿರುವ ಇಬ್ಬರನ್ನು ನಿನ್ನೆಯೇ ಕೇಳಿದ್ದೆ, ಇಬ್ಬರ ಗಾಡಿಯೂ ನಾಳೆ ಬುಕ್ ಆಗಿದೆ ಎಂದ. ಗೊತ್ತಿಲ್ಲದವರ ಗಾಡಿಯಲ್ಲಿ ನಡುದಾರಿಯಲ್ಲಿ ಏಸಿ ಕೈ ಕೊಟ್ಟರೆ ಯಾರನ್ನು ಕೇಳಲಿ, ಎಂದೂ ಅಂದ. ಗೊತ್ತಿರುವವರೇ ಎರಡು ಸಲ ಕೈ ಕೊಟ್ಟಿದ್ದಾರಲ್ಲ ಎಂದು ಅವನು ಸೇರಿಸಲಿಲ್ಲ. ಸೇರಿಸಲಿಲ್ಲ ಎನ್ನುವುದು ಅವಳಿಗೆ ಇನ್ನೂ ಚುಚ್ಚಿತು.

ಕಳಚುವ ಮೊದಲು ಒಂದು ಪರೀಕ್ಷೆ ಬಾಕಿಯಿತ್ತು. ಕಾಯಿಲ್ ಸೋರುತ್ತಿದ್ದರೆ ಗ್ಯಾಸು ಗಾಳಿ ಬರುವ ಕಿಂಡಿಯಲ್ಲಾಗಲಿ, ನೀರು ತೊಟ್ಟಿಕ್ಕುವ ಸಣ್ಣ ನಳಿಗೆಯಲ್ಲಾಗಲಿ ಸಿಗಲೇಬೇಕು. ಅವಳು ನಾಯಿಮರಿಯ ಮೂಗನ್ನು ಕಿಂಡಿಗಳೊಳಗೆ ತೂರಿಸಿ ಇಪ್ಪತ್ತು ನಿಮಿಷ ಕಾದಳು. ಕಾರಿನ ಕೆಳಗೆ ಬೆನ್ನ ಮೇಲೆ ಮಲಗಿ ನಳಿಗೆಗೂ ಹಿಡಿದಳು. ಸದ್ದಿಲ್ಲ. ಕಾಯಿಲ್ ಗಟ್ಟಿಯಾಗಿದೆ. ಸಂತೋಷಪಡಬೇಕಾದ ಸಂಗತಿ, ಆದರೆ ಅವಳಿಗೆ ಅಳು ಬಂತು. ಹಾಗಾದರೆ ಸೋರುತ್ತಿರುವುದಾದರೂ ಎಲ್ಲಿ?

ನೀರು ಕುಡಿಯಲು ಗಾಜಿನ ಕೋಣೆಗೆ ಹೋದಳು. ಹುಡುಗಿ ಬೆಂಚಿನ ಮೇಲೆ ಎದ್ದು ಕೂತು, ಬಿಸ್ಕತ್ತನ್ನು ಲೋಟದ ನೀರಿನಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದಳು. ಬಿಸ್ಕತ್ತು ಯಾರು ಕೊಟ್ಟರು ಎಂದು ಸುಮ್ಮನೆ ಮಾತಿಗೆ ಕೇಳಿದಳು.

"ತಾತ ಕೊಟ್ರು. ಪೈಪ್ ಹಾಕಿದ ದಿನಾನೂ ಕೊಟ್ಟಿದ್ರು," ಎಂದಿತು ಮಗು. "ಆವತ್ತು ನೀವಿರ್ಲಿಲ್ಲ. ತಾತ ಒಬ್ರೇ ಇದ್ರು."

ತಾನು ಇದ್ದೆ ಎಂದು ಹೇಳಲು ಅವಳು ಬಾಯಿ ತೆರೆದಳು. ಆ ದಿನ ಸಂಜೆ ತಾನು ಸ್ಪ್ಯಾನರ್ ಹಿಡಿದು ಈ ನೀಲಿ ಕಾರಿನ ಪಕ್ಕ ಬಗ್ಗಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ನೆನಪಿತ್ತೇ? ಗೋಡೆಯ ಕ್ಯಾಲೆಂಡರಿನ ಹಾಳೆಯನ್ನು ಹಿಂದಕ್ಕೆ ಮಗುಚಿ, ನೀಲಿ ಕಾರು ಬಂದ ದಿನ ಅಪ್ಪ ಹಾಕಿದ್ದ ಗುರುತು ನೋಡಿದಳು. ಗಂಡನಿಗೆ ಹೊಟ್ಟೆಯ ಆಪರೇಷನ್ ಆದ ವಾರ. ಮೂರು ದಿನ ಅವಳು ಆಸ್ಪತ್ರೆಯಲ್ಲೇ ಇದ್ದಳು. ನಡುವೆ ಒಂದು ಸಂಜೆ ಮಾತ್ರ ಮರೆತುಹೋಗಿದ್ದ ಊಟದ ಡಬ್ಬಿ ತೆಗೆದುಕೊಳ್ಳಲು ಶೆಡ್ಡಿಗೆ ಬಂದು ಐದು ನಿಮಿಷದಲ್ಲಿ ಓಡಿದ್ದಳು. ನೀಲಿ ಕಾರನ್ನು ಆಗ ಕಂಡಿದ್ದಳು. ಸ್ಪ್ಯಾನರ್ ಹಿಡಿದದ್ದು ಯಾವ ಕಾರಿಗೋ, ಯಾವ ಸಂಜೆಯೋ. ದಿನಾ ಮಾಡುವ ಕೆಲಸ ಮನಸ್ಸಿನಲ್ಲಿ ಹೀಗೆ ಒಂದಕ್ಕೊಂದು ಅಂಟಿಕೊಂಡು, ಮಾಡದ್ದನ್ನೂ ಮಾಡಿದ ಹಾಗೆ ನಂಬಿಸಿಬಿಡುತ್ತದೆ.

ಎರಡನೆಯ ಸಲ ಬಂದಾಗಲೂ, ಇವತ್ತು ಬೆಳಗಿನಿಂದಲೂ, ಇಡೀ ಕಾರನ್ನು ಜಾಲಾಡಿದವಳು ಅಪ್ಪ ಹಾಕಿದ ಆ ಪೈಪಿನ ಜಾಯಿಂಟಿನ ಕಡೆ ಹೋಗಿರಲೇ ಇಲ್ಲ. ಅಲ್ಲಿಗೆ ಹೋಗಲು ಚಕ್ರ ಬಿಚ್ಚಿ ಪ್ಲಾಸ್ಟಿಕ್ ಹೊದಿಕೆ ತೆಗೆಯಬೇಕು, ಅಪ್ಪನ ಕಣ್ಣೆದುರೇ ಅಪ್ಪನ ಕೆಲಸವನ್ನು ಪರೀಕ್ಷೆ ಮಾಡಿದ ಹಾಗಾಗುತ್ತದೆ. ಅದೂ ಅಲ್ಲದೆ, ಅದು ಸೋರುವ ಮಾತೇ ಇಲ್ಲ, ತಾನೇ ಕದ್ದು ಬಿಗಿ ಮಾಡಿದ್ದೇನಲ್ಲ ಎಂಬ ಭರವಸೆ. ಆ ಭರವಸೆಯ ಬುಡದಲ್ಲಿ ಈಗ ಏನೂ ಇರಲಿಲ್ಲ.

ಜಾಕ್ ಏರಿಸಿ ಚಕ್ರ ಬಿಚ್ಚಿದಳು. ಅಪ್ಪ ಎರಡು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿದ್ದ. ಹೊದಿಕೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದಳು. ಸುಳ್ಳಾಗಲಿ, ಇಲ್ಲಿ ಇಲ್ಲದಿರಲಿ ಎಂದು ಒಂದು ಮನಸ್ಸು, ಇಲ್ಲೇ ಇರಲಿ, ಆ ಮಗು ನಾಳೆ ಹೋಗಲಿ ಎಂದು ಇನ್ನೊಂದು. ಯಾವುದಕ್ಕೆ ಹರಕೆ ಹೊರಬೇಕೆಂದು ಅವಳಿಗೆ ತಿಳಿಯಲಿಲ್ಲ.

ಎರಡನೆಯ ಸಲ ಗ್ಯಾಸಿನ ಜೊತೆ, ಸೋರಿದ ಕಡೆ ಮಿನುಗುವ ಬಣ್ಣದ ಎಣ್ಣೆಯನ್ನೂ ಬಿಟ್ಟಿದ್ದಳು. ಹಳದಿ ಕನ್ನಡಕ ಹಾಕಿ ನೀಲಿ ಟಾರ್ಚು ಬಿಟ್ಟಳು. ನಟ್ಟಿನ ಸುತ್ತ ಎಳೆ ಹಸಿರು ಬಣ್ಣ ಮಿನುಗಿತು. ಪೈಪಿನ ಮೇಲೆ ಒಂದು ಗೆರೆ ಇಳಿದು ಹೊದಿಕೆಯ ತಳದಲ್ಲಿ ಮಡುಗಟ್ಟಿತ್ತು. ನಾಯಿಮರಿಯನ್ನು ಹತ್ತಿರ ಹಿಡಿದ ಕೂಡಲೇ ಅದು ಬೆಳಗಿನಿಂದ ಕಟ್ಟಿಟ್ಟುಕೊಂಡ ಕೂಗನ್ನೆಲ್ಲ ಒಮ್ಮೆಗೇ ಕೂಗಿಕೊಂಡಿತು. ಹತ್ತೊಂಬತ್ತನೇ ನಂಬರಿನ ಸ್ಪ್ಯಾನರ್ ಹಾಕಿ ತಿರುಗಿಸಿದಳು. ನಟ್ಟು ತಿರುಗಿತು, ಕಾಲು ಸುತ್ತಿಗೆ ಗಕ್ಕನೆ ನಿಂತಿತು.

ಅಲ್ಲೇ ಅವಳೂ ನಿಂತಳು. ಬಲವಿಲ್ಲದ ಕೈ ಒಂದು ದಿನ ಹೆಚ್ಚು ಬಿಗಿ ಮಾಡುತ್ತದೆ, ಒಂದು ದಿನ ಕಡಿಮೆ. ನಡುಗುವ ಕೈ ಅಳತೆ ತಪ್ಪುತ್ತದೆ. ಆದರೆ ಎರಡು ವರ್ಷದಿಂದ ಪ್ರತಿ ಕಾರಿನಲ್ಲೂ, ಪ್ರತಿ ಜಾಯಿಂಟಿನಲ್ಲೂ ಉಳಿಯುತ್ತಿದ್ದುದು ಅದೇ ಕಾಲು ಸುತ್ತು. ಇಷ್ಟು ದಿನ ತಾನು ಇದನ್ನು ಯೋಚಿಸಲೇ ಇಲ್ಲವಲ್ಲ ಎನಿಸಿತು. ಇದು ಕೈ ಸೋತು ಉಳಿದದ್ದಲ್ಲ, ಯಾರೋ ಅಳೆದು ಬಿಟ್ಟದ್ದು.

"ಅಪ್ಪ," ಎಂದಳು ಹಿಂದೆ ತಿರುಗದೆ. "ಇದನ್ನ ನೀನೇ ಬಿಟ್ಟಿದ್ದಾ?"

ಅಪ್ಪ ಹತ್ತಿರ ಬಂದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಹಸಿರು ಎಣ್ಣೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಆವತ್ತು ಸಂಜೆ ನೀನು ಬಂದಿದ್ದೆಯಲ್ಲ. ಗಾಡಿ ಹತ್ರ ನಿಂತಿದ್ದು ನೋಡ್ದೆ."

"ಡಬ್ಬಿ ತಗೊಂಡು ಹೋಗೋಕೆ ಬಂದಿದ್ದೆ ಅಪ್ಪ. ಮುಟ್ಟಲಿಲ್ಲ."

ತಾನು ಕದ್ದು ಬಿಗಿ ಮಾಡುವುದು ಅಪ್ಪನಿಗೆ ಯಾವಾಗಿನಿಂದ ಗೊತ್ತು ಎಂದು ಅವಳು ಕೇಳಿದಳು. ಮೊದಲನೆಯ ವಾರದಲ್ಲೇ ಎಂದ. ವಾಪಸು ಬಂದ ಒಂದು ಗಾಡಿಯ ನಟ್ಟು ಬಿಚ್ಚುವಾಗ ಅದು ತನ್ನ ಬಿಗಿಯಲ್ಲ ಎಂದು ಗೊತ್ತಾಗಿತ್ತಂತೆ. ಆ ರಾತ್ರಿ ಊಟ ಸೇರಿರಲಿಲ್ಲವಂತೆ.

"ಮತ್ತೆ ಯಾಕೆ ಸುಮ್ನಿದ್ದೆ?"

"ಹೇಳಿದ್ರೆ ಸ್ಪ್ಯಾನರ್ ಕಿತ್ಕೋತಿದ್ದೆ ನೀನು," ಎಂದ ಅಪ್ಪ. ಆಮೇಲೆ ಧ್ವನಿ ಇಳಿಸಿ, "ಕೊನೇ ಕಾಲು ಸುತ್ತು ನನ್ನ ಬೆರಳಿಗೆ ತಿಳಿಯಲ್ಲ ಮಗಳೇ. ಕೂತಿತೋ, ಇನ್ನೂ ಕೂರಬೇಕೋ, ಮುರಿದೇ ಹೋಗುತ್ತೋ ಗೊತ್ತಾಗಲ್ಲ. ಒಂದೆರಡು ಮುರಿದೂ ಹಾಕಿದೆ, ನೀನಿಲ್ಲದಾಗ. ಆಮೇಲೆ ಅಲ್ಲಿಗೇ ನಿಲ್ಲಿಸ್ದೆ. ಹೆಂಗೂ ಸಂಜೆ ನೀನು ಬರ್ತೀಯಲ್ಲ," ಎಂದ.

ಎರಡು ವರ್ಷ ತಾನು ಅಪ್ಪನಿಗೆ ಗೊತ್ತಾಗದ ಹಾಗೆ ಅವನ ಬೆನ್ನ ಹಿಂದೆ ನಿಂತಿದ್ದೇನೆ ಎಂದುಕೊಂಡಿದ್ದಳು. ಅಪ್ಪ ಎರಡು ವರ್ಷದಿಂದ ಅವಳಿಗೇ ಒರಗಿಕೊಂಡು ನಿಂತಿದ್ದ. ಒಬ್ಬರನ್ನೊಬ್ಬರು ನೋಯಿಸಬಾರದು ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು, ಆ ಮೌನದ ಸಂದಿಯಲ್ಲಿ ಗ್ಯಾಸು ಸೋರಿ, ಯಾರದೋ ಮಗುವಿನ ಮೈ ಟ್ರಾಫಿಕ್ಕಿನಲ್ಲಿ ಕಾದಿತ್ತು. ಅಪ್ಪನ ಮೇಲೆ ಸಿಟ್ಟೂ ಬಂತು, ಅವನ ಬೆಳ್ಳಗಾದ ಮುಖ ನೋಡಿ ಮರುಕವೂ ಆಯಿತು.

ಸಿಕ್ಕಿತೇ ಎಂದು ಕೇಳುತ್ತಾ ಡ್ರೈವರ್ ಹತ್ತಿರ ಬಂದ. ನಾಯಿಮರಿಯ ಕೂಗು ಅವನಿಗೂ ಕೇಳಿಸಿತ್ತು. ಅವಳು ಎದ್ದು ನಿಂತಳು. ಅಪ್ಪನಿಗೂ ಅವನಿಗೂ ನಡುವೆ ಬರುವ ಹಾಗೆ ನಿಂತಳು ಎಂಬುದು ಅವಳಿಗೇ ಆಮೇಲೆ ಹೊಳೆಯಿತು. ಸುಳ್ಳು ನಾಲಿಗೆಯ ತುದಿಯಲ್ಲಿ ತಯಾರಾಗಿತ್ತು.

"ಸಿಕ್ತು," ಎಂದಳು. "ಪೈಪಿಂದೇ ತೊಂದ್ರೆ. ಈಗೀಗ ಬರೋ ಪೈಪುಗಳು ಹಿಂಗೇನೇ..."

"ಪೈಪು ಚೆನ್ನಾಗಿದೆ," ಎಂದ ಅಪ್ಪ.

ಅವನು ಮಂಡಿಗೆ ಕೈಯೂರಿ ನಿಧಾನವಾಗಿ ಎದ್ದ. ನಡುಗುವ ಕೈಯನ್ನು ಯಾವಾಗಿನ ಹಾಗೆ ಜೇಬಿಗೆ ತುರುಕಲಿಲ್ಲ, ಡ್ರೈವರನ ಎದುರು ಚಾಚಿ ಹಿಡಿದ. ಪಕ್ಕದ ಶೆಡ್ಡಿನ ಟಯರಿನವನೂ ಪೇಂಟಿನವನೂ ಕೆಲಸ ಬಿಟ್ಟು ನೋಡುತ್ತಿದ್ದರು. ಅಪ್ಪನಿಗೆ ಅದು ಕಾಣುತ್ತಿತ್ತು.

"ನೋಡಿ, ನನ್ನ ಕೈ ಹಿಂಗಾಗಿದೆ. ಕೊನೇ ಬಿಗಿ ನನಗೆ ಗೊತ್ತಾಗಲ್ಲ. ಎರಡು ವರ್ಷದಿಂದ ಯಾರಿಗೂ ಹೇಳದೆ ಮಗಳ ಮೇಲೆ ಬಿಟ್ಟು ಕೆಲಸ ಮಾಡ್ತಾ ಬಂದೆ. ನಿಮ್ಮ ಗಾಡಿ ಮಾಡಿದ ದಿನ ಅವಳಿರಲಿಲ್ಲ. ನಟ್ಟು ಸಡಿಲ ಉಳೀತು. ನನ್ನಿಂದ ನಿಮ್ಮ ಮಗು ಒದ್ದಾಡಿತು."

ಅಪ್ಪ ಮೂವತ್ತೆಂಟು ವರ್ಷ ಕಟ್ಟಿದ ಹೆಸರು ಆ ನಾಲ್ಕು ಮಾತಿನಲ್ಲಿ ಹೋಯಿತು. ಅವಳು ನೆಲ ನೋಡುತ್ತಿದ್ದಳು. ಡ್ರೈವರ್ ಆ ಕೈಯನ್ನೇ ಬಹಳ ಹೊತ್ತು ನೋಡಿದ. ಅವನ ದವಡೆ ಬಿಗಿಯಿತು, ಸಡಿಲವಾಯಿತು, ಮತ್ತೆ ಬಿಗಿಯಿತು.

"ಮೂರು ಸಲ ಬಂದೆ ಯಜಮಾನ್ರೇ," ಎಂದ ಕೊನೆಗೆ. "ನಿನ್ನೆ ಅವಳು ಕಣ್ಣು ಮೇಲೆ ಮಾಡಿದ್ಲು. ನೀವು ಅದನ್ನ ನೋಡ್ಲಿಲ್ಲ."

ಡ್ರೈವರ್ ತಿರುಗಿ ಗಾಜಿನ ಕೋಣೆಗೆ ಹೋಗಿ ಮಗುವಿನ ಪಕ್ಕ ಕೂತ. ಕೀಲಿ ಕೇಳುತ್ತಾನೆ, ಚಕ್ರ ಹಾಕಿಸಿಕೊಂಡು ಬೇರೆ ಕಡೆ ಹೋಗುತ್ತಾನೆ ಎಂದು ಅವಳು ಕಾದಳು. ಹತ್ತು ನಿಮಿಷವಾದ ಮೇಲೆ ಅವನು ಹೊರಗೆ ಬಂದು ಕಾರಿನ ಪಕ್ಕ ಕೈಕಟ್ಟಿ ನಿಂತು, ನನ್ನ ಕಣ್ಣೆದುರಿಗೆ ಮಾಡಿ ಎಂದ.

ಅಪ್ಪ ಸ್ಪ್ಯಾನರನ್ನು ಅವಳ ಕಡೆ ಚಾಚಿ, ನೀನೇ ಮಾಡು ಎಂದ. ಅವಳು ತೆಗೆದುಕೊಳ್ಳಲಿಲ್ಲ. ನೈಟ್ರೋಜನ್ ಹೊರಗೆ ಬಿಟ್ಟು, ಜಾಯಿಂಟು ಬಿಚ್ಚಿ, ಒಳಗಿನ ರಬ್ಬರ್ ಉಂಗುರವನ್ನು ತೆಗೆದೆಸೆದು, ಹೊಸ ಉಂಗುರಕ್ಕೆ ಎಣ್ಣೆ ಸವರಿ ಅಪ್ಪನ ಅಂಗೈಯಲ್ಲಿಟ್ಟಳು. ಅಪ್ಪನ ಬೆರಳು ನಡುಗಿದರೂ ಉಂಗುರವನ್ನು ಅದರ ಜಾಗದಲ್ಲಿ ಹೂವಿಟ್ಟ ಹಾಗೆ ಕೂರಿಸಿದವು. ನಟ್ಟನ್ನು ಕೈಯಿಂದ ಹತ್ತಿಸಿದ, ಸ್ಪ್ಯಾನರಿನಿಂದ ಬಿಗಿ ಮಾಡಿದ, ಒಂದು ಕಡೆ ನಿಲ್ಲಿಸಿದ. ಮೊದಲಿನಂತೆ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಲಿಲ್ಲ. ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಈಗ ನೀನು."

ಅವಳು ತಿರುಗಿಸಿದಳು. ಡ್ರೈವರ್ ಬಗ್ಗಿ ನೋಡಿದ. ಪಕ್ಕದ ಶೆಡ್ಡಿನವರು ನೋಡಿದರು. ಕಾಲು ಸುತ್ತಿಗೆ ಅದು ನಿಂತಿತು. ಎರಡು ವರ್ಷದಲ್ಲಿ ಮೊದಲ ಸಲ ಅವಳು ಅದನ್ನು ಹಗಲು ಬೆಳಕಿನಲ್ಲಿ, ಅಪ್ಪನ ಭುಜಕ್ಕೆ ಭುಜ ತಾಗಿಸಿ ಮಾಡಿದ್ದಳು. ಕಣ್ಣು ಮಂಜಾಗಿದ್ದರಿಂದ ಹಳದಿ ಕನ್ನಡಕವನ್ನು ತೆಗೆಯದೆ ಹಾಗೇ ಇಟ್ಟುಕೊಂಡಳು.

ಮತ್ತೆ ಒತ್ತಡ ಏರಿಸಿ ಒಂದು ಗಂಟೆ ಕಾದರು. ಮುಳ್ಳು ಕದಲಲಿಲ್ಲ. ಗಾಳಿಯನ್ನೆಲ್ಲ ಎಳೆದು ತೆಗೆದು ಗ್ಯಾಸು ತುಂಬಿದರು. ನಾಯಿಮರಿ ಜಾಯಿಂಟಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ ಸುಮ್ಮನೆ ಬಂತು. ಆದರೂ ಅವಳಿಗೆ ನಂಬಿಕೆ ಬರಲೊಲ್ಲದು. ನಿಂತ ಗಾಡಿಯಲ್ಲಿ ಹಿಡಿದ ಬಿಗಿ ಓಡುವ ಗಾಡಿಯಲ್ಲಿ ಹಿಡಿದೇ ಹಿಡಿಯುತ್ತದೆ ಎಂದು ಯಾರು ಹೇಳಿಯಾರು? ನಾಳೆ ಹೊರಡಬಹುದೇ ಎಂದು ಡ್ರೈವರ್ ಕೇಳಿದಾಗ ಎಲ್ಲರ ಕಣ್ಣೂ ಅವಳ ಮೇಲಿತ್ತು. ಹನ್ನೊಂದು ದಿನದ ಹಿಂದೆ ನಿಶ್ಚಿಂತೆಯಿಂದಿರಿ ಎಂದು ಥಟ್ಟನೆ ಅಂದಿದ್ದವಳು, ಈಗ ಒಂದ್ಸಲ ಓಡಿಸಿ ನೋಡೋಣ, ಆಮೇಲೆ ಹೇಳ್ತೀನಿ ಎಂದಳು.

ಹೊದಿಕೆ, ಚಕ್ರ ಹಾಕಿ ನಾಲ್ಕೂ ಜನ ಹೊರಟರು. ಮುಂದೆ ಡ್ರೈವರ್, ಅವನ ಪಕ್ಕದಲ್ಲಿ ಅಪ್ಪ. ಹಿಂದೆ ಮಗು ಮತ್ತು ಅವಳು. ಅವಳು ಎರಡು ಸೀಟುಗಳ ನಡುವಿನಿಂದ ತೋಳು ಚಾಚಿ, ಗಾಳಿ ಬರುವ ಕಿಂಡಿಗೆ ಥರ್ಮಾಮೀಟರಿನ ಕಡ್ಡಿ ಸಿಕ್ಕಿಸಿದಳು. ಊರ ಹೊರಗಿನ ರಸ್ತೆಯಲ್ಲಿ ಡಾಂಬರು ಕಾದು ಅಲೆಅಲೆಯಾಗಿ ಕಾಣುತ್ತಿತ್ತು. ಡ್ರೈವರ್ ಬೇಕೆಂದೇ ಗುಂಡಿ ಬಿದ್ದ ಕಡೆಯೇ ಓಡಿಸಿದ. ಟ್ರಾಫಿಕ್ಕು ಕಂಡಲ್ಲಿ ತಪ್ಪಿಸಿಕೊಳ್ಳದೆ ಅದರ ನಡುವೆ ನುಗ್ಗಿ ನಿಂತ. ಅವಳು ಐದು ನಿಮಿಷಕ್ಕೊಮ್ಮೆ ಅಂಕಿ ಓದುತ್ತಿದ್ದಳು. ಹದಿನಾಲ್ಕು. ಹನ್ನೊಂದು. ಹತ್ತು. ಒಮ್ಮೆ ಹನ್ನೆರಡಕ್ಕೆ ಏರಿತು. ಮುಂದಿನ ಐದು ನಿಮಿಷ ಅಪ್ಪ ಕಿಂಡಿಯಿಂದ ಅಂಗೈ ತೆಗೆಯಲಿಲ್ಲ, ಅಂಕಿ ತಿರುಗಿ ಹತ್ತಕ್ಕೆ ಇಳಿಯುವವರೆಗೂ ಅವಳ ಜೀವದಲ್ಲಿ ಜೀವವಿರಲಿಲ್ಲ.

ಅಪ್ಪ ಮೆಲ್ಲಗೆ ಮಾತು ತೆಗೆದ. ಬೇಡವೆನ್ನದಿದ್ದರೆ ನಾಳೆ ತಾವಿಬ್ಬರೂ ಜೊತೆಗೆ ಬರುವುದಾಗಿ, ಗ್ಯಾಸಿನ ಡಬ್ಬಿ, ಸಾಮಾನು ಎಲ್ಲ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದಾಗಿ ಹೇಳಿದ. ಡ್ರೈವರ್ ಇನ್ನೊಂದು ಗುಂಡಿಗೆ ಕಾರು ಇಳಿಸಿ ಹತ್ತಿಸಿದ. ಕ್ಷಮಿಸಿದ್ದೇನೆ ಎನ್ನುವ ಮುಖ ಅದಾಗಿರಲಿಲ್ಲ.

"ಬೆಳಗಿನ ಜಾವ ನಾಲ್ಕು ಗಂಟೆಗೆ ರೆಡಿ ಇರಿ," ಎಂದ ಆಮೇಲೆ.

ಹೊರಟು ಒಂದು ಗಂಟೆಯ ಮೇಲೆ ಹತ್ತು ನಿಮಿಷವಾಗಿತ್ತು. ಒಂಬತ್ತು ಎಂದು ಅವಳು ಓದಿದಳು. ಆಗ ಇಷ್ಟು ಹೊತ್ತೂ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದ ಮಗು, ಭುಜ ಕುಗ್ಗಿಸಿಕೊಂಡು ಮುಂದಿನ ಸೀಟಿಗೆ ಹೇಳಿತು.

"ಅಪ್ಪಾ, ಚಳಿ ಆಗ್ತಿದೆ. ಸ್ವಲ್ಪ ಕಮ್ಮಿ ಮಾಡು."

ಡ್ರೈವರನ ಕೈ ಗುಂಡಿಯ ಕಡೆಗೆ ಹೋಗಿ ನಡುವೆಯೇ ನಿಂತಿತು. ಅವನು ಪಕ್ಕದಲ್ಲಿದ್ದ ಅಪ್ಪನ ಮುಖ ನೋಡಿದ. ಅಪ್ಪ ಹಿಂದೆ ತಿರುಗಿ ತನ್ನ ಮಗಳ ಮುಖ ನೋಡಿದ. ಆ ಗುಂಡಿಯನ್ನು ಮುಟ್ಟುವ ಧೈರ್ಯ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ. ಅವಳು ಕುರ್ತಾದ ಮೇಲೆ ಹಾಕಿಕೊಂಡಿದ್ದ ಖಾಕಿ ಕೋಟನ್ನು ಬಿಚ್ಚಿ, ಮಗುವನ್ನು ಹತ್ತಿರ ಎಳೆದುಕೊಂಡು ಕುತ್ತಿಗೆಯವರೆಗೂ ಹೊದಿಸಿದಳು.

"ಇನ್ನೂ ಸ್ವಲ್ಪ ಹೊತ್ತು ಚಳಿ ಆಗ್ಲಿ ಪುಟ್ಟಿ," ಎಂದಳು.